ತಮ್ಮನಿಗೆ ಲಡಾಖ್ ಪೋಸ್ಟಿಂಗ್: ಪೆಟ್ಟಿಗೆಯಲ್ಲಿ ಏನಿರಲಿ?

ಪ್ರಶ್ನೆ, ಗುಬ್ಬಿಯಿಂದ: ಸೇನೆಗೆ ಸೇರಿ ಎರಡು ವರ್ಷವಾದ ನನ್ನ ತಮ್ಮನಿಗೆ ಲಡಾಖ್‌ಗೆ ಪೋಸ್ಟಿಂಗ್ ಆಗಿದೆ. ಬಟ್ಟೆ, ಬೂಟುಗಳನ್ನೆಲ್ಲ ಸೇನೆಯೇ ಕೊಡುತ್ತದೆ ಎನ್ನುತ್ತಾನೆ. ಡ್ಯೂಟಿ ಮುಗಿದ ಮೇಲಿನ ಹೊತ್ತನ್ನು ಅಲ್ಲಿ ಹೇಗೆ ಕಳೆಯುತ್ತಾರೆ, ಮನೆಯಿಂದ ಏನು ಕಳಿಸಿದರೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಅಮ್ಮ ಈಗಾಗಲೇ ಹತ್ತು ಸೇರು ರಾಗಿ ಬೀಸಿಸಿಟ್ಟಿದ್ದಾರೆ.

ಮುಳಬಾಗಿಲಿನಿಂದ, ನಿವೃತ್ತ ಹವಾಲ್ದಾರ್: ತಾಯಿಯವರಿಗೆ ಬೇಸರವಾಗದಂತೆ ಹೇಳಿ, ರಾಗಿಹಿಟ್ಟಿನ ಬದಲು ಹುರಿಹಿಟ್ಟು ಮಾಡಿಕೊಡಲಿ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯುವುದು ಕಷ್ಟ. ಇನ್ನು ಮುದ್ದೆ ತೊಳಸಲು ಕೋಲು ಹಿಡಿದು ನಿಲ್ಲುತ್ತೇನೆಂದರೆ ಲಂಗರಿನಲ್ಲಿ, ಅಂದರೆ ಸೇನೆಯ ಅಡುಗೆಮನೆಯಲ್ಲಿ, ಯಾರೂ ಒಲೆ ಬಿಟ್ಟುಕೊಡುವುದಿಲ್ಲ. ಹುರಿಹಿಟ್ಟಿಗಾದರೆ ಮಗ್ಗು, ಬೆಲ್ಲದ ಚೂರು, ಬಿಸಿನೀರು ಸಾಕು. ರಾತ್ರಿ ಪಹರೆ ಮುಗಿಸಿ ಕೋಣೆ ಬೆಚ್ಚಗಿಡುವ ಸೀಮೆಎಣ್ಣೆ ಒಲೆಯಾದ ಬುಖಾರಿಯ ಪಕ್ಕ ಕುಳಿತು, ಕೈಗವಸು ತೆಗೆದು ಆ ಮಗ್ಗನ್ನು ಎರಡೂ ಅಂಗೈಗಳ ನಡುವೆ ಹಿಡಿದಾಗ ಮೊದಲು ಮೂಗಿಗೆ ಬರುತ್ತಿದ್ದುದು ಸೀಮೆಎಣ್ಣೆಯ ವಾಸನೆ, ಅದರ ಹಿಂದೆಯೇ ಅರಳಿದ ರಾಗಿಯ ಘಮ. ಬಿಹಾರದ ಜೊತೆಗಾರನೊಬ್ಬ ಒಂದು ಗುಟುಕು ಕುಡಿದು, ಇದು ನಮ್ಮ ಸತ್ತುವಿನ (ಹುರಿಗಡಲೆ ಹಿಟ್ಟಿನ) ತಂಗಿ ಎಂದು ತನ್ನ ಡಬ್ಬಿಯನ್ನೂ ತೆರೆದ. ಆ ಚಳಿಗಾಲವಿಡೀ ಅದಲುಬದಲು ಮಾಡಿಕೊಂಡು ಕುಡಿದೆವು. ಬಡಾಖಾನಾ, ಅಂದರೆ ಇಡೀ ಯೂನಿಟ್ ಒಟ್ಟಿಗೆ ಉಣ್ಣುವ ದಿನದ ಊಟ ಎಷ್ಟೇ ಭರ್ಜರಿಯಾಗಿದ್ದರೂ ನನಗೆ ನೆನಪಿರುವುದು ಆ ಮಗ್ಗೇ.

ಇನ್ನೊಂದು ಮಾತು. ಎತ್ತರಕ್ಕೆ ಮೈ ಒಗ್ಗಿಸುವ ಮೊದಲ ಹಂತದ 6 ದಿನಗಳಲ್ಲಿ ಮೊದಲ 2 ದಿನ ವಿಶ್ರಾಂತಿಯೇ ಕೆಲಸ, ಬೇಜಾರೂ ಆಗಲೇ ಹೆಚ್ಚು. ಒಂದು ದಪ್ಪ ಕನ್ನಡ ಪುಸ್ತಕ ಜೊತೆಗಿರಲಿ.

ಚಿಂತಾಮಣಿಯಿಂದ, ಯೋಧರೊಬ್ಬರ ಪತ್ನಿ: ಹೊರಡುವ ಮೊದಲೇ ಪೋಸ್ಟ್‌ಪೇಯ್ಡ್ ಸಿಮ್ ಮಾಡಿಸಿಬಿಡಿ, ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ಪಾರ್ಸೆಲ್ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ. ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಕೊನೆಗೆ ಸೇನಾ ಅಂಚೆ ಕಚೇರಿಯ ಗುರುತಾದ 56 ಎಪಿಒ ಎಂದು ಬರೆದರೆ ತಲುಪುತ್ತದೆ. ನಾನು ಮೊದಲ ಸಲ ಕಳಿಸಿದ ನಿಪ್ಪಟ್ಟು ಪುಡಿಪುಡಿಯಾಗಿ ತಲುಪಿತ್ತು. ನಮ್ಮವರು ಅದನ್ನು ಉಪ್ಪಿಟ್ಟಿನ ಮೇಲೆ ಉದುರಿಸಿಕೊಂಡು ತಿಂದು, ಮುಂದಿನ ಸಲ ನೀನೇ ಕುಟ್ಟಿ ಕಳಿಸು ಎಂದರು. ಅದಕ್ಕಿಂತ ತಮಾಷೆಯೆಂದರೆ ಡಬ್ಬಿಗೆ ಸುತ್ತಿದ್ದ ಹಳೆಯ ಪತ್ರಿಕೆಯ ಹಾಳೆಯಲ್ಲಿ ಕೋಲಾರ ಮಾರುಕಟ್ಟೆಯ ಟೊಮೆಟೊ ದರವಿತ್ತಂತೆ. ಪಕ್ಕದ ಬಂಕರಿನ ಶ್ರೀನಿವಾಸಪುರದ ಹುಡುಗನೂ ಇವರೂ ಸೇರಿ, 15 ಕೆ.ಜಿ. ಬಾಕ್ಸಿಗೆ ಆ ಬೆಲೆ ಸಿಕ್ಕರೆ ಕೂಲಿ, ಬಾಡಿಗೆ ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಒಂದು ಸಂಜೆಯಿಡೀ ಲೆಕ್ಕ ಹಾಕಿದ್ದಾರೆ. ಈಗ ಯಾವ ಹಾಳೆ ಸುತ್ತಬೇಕೆಂದು ನಾನೇ ಆರಿಸುತ್ತೇನೆ.

ಗೌರಿಬಿದನೂರಿನಿಂದ, ಮಾಜಿ ಸೈನಿಕ: ನಾನಿದ್ದುದು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ, ಲೆಬನಾನ್‌ನಲ್ಲಿ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ರಾತ್ರಿ ಎಂಟಕ್ಕೆ ಊಟ ಮುಗಿಸಿ ಫೋನ್ ಮಾಡಿದರೆ ಇಲ್ಲಿ ಹನ್ನೊಂದೂವರೆ; ಅಮ್ಮ ನಿದ್ದೆಗಣ್ಣಿನಲ್ಲಿ ಗಾಬರಿಯಾಗುತ್ತಿದ್ದರು. ಆಮೇಲೆ ಅಲ್ಲಿಯ ಬೆಳಗಿನ ಐದಕ್ಕೆ ಮಾಡತೊಡಗಿದೆ, ಅವರು ಡೈರಿಗೆ ಹಾಲು ಹಾಕಿ ಬಂದು ಕುಳಿತಿರುವ ಹೊತ್ತಿಗೆ. ಹುಷಾರಾಗಿದ್ದೀಯಾ ಎಂದು ಹತ್ತು ಸಲ ಕೇಳುವುದಕ್ಕಿಂತ ಬೋರ್‌ವೆಲ್‌ನಲ್ಲಿ ಎಷ್ಟು ಇಂಚು ನೀರು ಬರುತ್ತಿದೆ ಎಂದು ಹೇಳಿದರೆ ನನಗೆ ಹೆಚ್ಚು ಹಿತವಾಗುತ್ತಿತ್ತು.

ಗುಬ್ಬಿಯಿಂದ, ಮತ್ತೆ: ಎಲ್ಲರಿಗೂ ವಂದನೆಗಳು. ಬೀಸಿದ ಹಿಟ್ಟು ನಮ್ಮ ಮುದ್ದೆಗಾಯಿತು. ಅಮ್ಮನದು ಒಂದೇ ಪ್ರಶ್ನೆ: ಹುರಿಹಿಟ್ಟಿಗೆ ಬೆಲ್ಲವನ್ನು ಇಲ್ಲಿಯೇ ಬೆರೆಸಬೇಕೇ?

ಮುಳಬಾಗಿಲಿನಿಂದ: ಬೇಡ, ಬೇರೆಯಾಗಿಯೇ ಕಟ್ಟಿ. ಬೆರೆಸಿದರೆ ದಾರಿಯಲ್ಲಿ ಗಂಟುಕಟ್ಟುತ್ತದೆ.