ಹೋಂಗಾರ್ಡ್‌ನಲ್ಲಿ ಇಷ್ಟು ವರ್ಷ ದುಡಿದವರಿಗೆ ಪದಕ ಸಿಗೋದು ಹೇಗೆ?

ಹೊಳೆಬದಿ: ನಮ್ಮ ದೊಡ್ಡಪ್ಪ ಗೃಹರಕ್ಷಕ ದಳ (ಹೋಂಗಾರ್ಡ್) ಸೇರಿ ಇಪ್ಪತ್ತು ವರ್ಷದ ಮೇಲಾಯ್ತು, ಟೈಲರ್ ಅಂಗಡಿ ಇಟ್ಕೊಂಡಿದ್ದಾರೆ, ಕರೆ ಬಂದ್ರೆ ಹೊಲಿತಿದ್ದ ಬಟ್ಟೆ ಮೆಷಿನ್ ಮೇಲೇ ಬಿಟ್ಟು ಖಾಕಿ ಹಾಕ್ಕೊಂಡು ಹೊರಡ್ತಾರೆ. ಎಲೆಕ್ಷನ್ ಬೂತು, ಜಾತ್ರೆ ಬಂದೋಬಸ್ತು, ಮಳೆಗಾಲ ಬಂದ್ರೆ ಲೈಫ್ ಜಾಕೆಟ್ ಹಾಕಿ ನದಿ ಹತ್ರ ಡ್ಯೂಟಿ. 2018ರಲ್ಲಿ ಕೊಡಗಲ್ಲಿ ಗುಡ್ಡ ಕುಸಿದಾಗ ಅಲ್ಲಿಗೂ ಹೋಗಿದ್ರು. ಇನ್ನೇನು ವಯಸ್ಸಾಯ್ತು ಅಂತ ಬಿಡುಗಡೆ ಮಾಡ್ತಾರೆ, ಅಷ್ಟರೊಳಗೆ ಒಂದು ಪದಕ ಸಿಗ್ಬೇಕು ಅಂತ ನಮ್ಮ ಆಸೆ. ಅರ್ಜಿ ಎಲ್ಲಿ ಹಾಕೋದು?

ಮಾಜಿ ಪ್ಲಟೂನ್: ನಾವೇ ಅರ್ಜಿ ಹಾಕೋ ವ್ಯವಸ್ಥೆ ಅಲ್ಲ ಇದು, ಶಿಫಾರಸು ಹೋಗ್ಬೇಕು. ಘಟಕಾಧಿಕಾರಿ ಹೆಸರು ಕಳಿಸ್ಬೇಕು, ಜಿಲ್ಲಾ ಸಮಾದೇಷ್ಟರು (ಕಮಾಂಡೆಂಟ್) ಒಪ್ಪಬೇಕು, ಆಮೇಲೆ ಬೆಂಗಳೂರು, ಅಲ್ಲಿಂದ ದಿಲ್ಲಿ. ಜನವರಿ 26, ಆಗಸ್ಟ್ 15ರ ಹೊತ್ತಿಗೆ ಪಟ್ಟಿ ಬರುತ್ತಲ್ಲ, ರಾಷ್ಟ್ರಪತಿಗಳ ವಿಶಿಷ್ಟ ಸೇವಾ ಪದಕ, ಶ್ಲಾಘನೀಯ ಸೇವಾ ಪದಕ ಅಂತ, ಅದರಲ್ಲಿ ಪೊಲೀಸು, ಅಗ್ನಿಶಾಮಕದ ಜೊತೆ ನಮ್ಮವರದ್ದೂ ಇರುತ್ತೆ. ರಾಜ್ಯದಲ್ಲಿ ಮುಖ್ಯಮಂತ್ರಿ ಪದಕ ಬೇರೆ ಇದೆ. ಕವಾಯತು ಹಾಜರಿ, ತರಬೇತಿ ಸರ್ಟಿಫಿಕೇಟು, ನೆರೆ ಡ್ಯೂಟಿ ಆದೇಶದ ಕಾಪಿ ಎಲ್ಲಾ ಒಂದು ಫೈಲ್ ಮಾಡಿ ಘಟಕಾಧಿಕಾರಿ ಕೈಗೆ ಕೊಡಿ. ದಾಖಲೆ ಇಲ್ಲದೆ ಎಷ್ಟೋ ಒಳ್ಳೆಯವರ ಹೆಸರು ಹೋಗೋದೇ ಇಲ್ಲ, ಅದೇ ಬೇಜಾರು.

ಮೆಲ್ಬರ್ನ್ ಕನ್ನಡಿಗ: ಇಲ್ಲಿ ಆಸ್ಟ್ರೇಲಿಯಾದಲ್ಲಿ ಎಸ್‌ಇಎಸ್ (ಸ್ಟೇಟ್ ಎಮರ್ಜೆನ್ಸಿ ಸರ್ವಿಸ್) ಅಂತ ತುರ್ತು ಸೇವೆ ಇದೆ, ಬಿರುಗಾಳಿಗೆ ಮರ ಬಿದ್ರೂ ನೆರೆ ಬಂದ್ರೂ ಮೊದಲು ಬರೋದು ಅವರೇ, ಹೆಚ್ಚಿನವರು ಸಂಬಳ ಇಲ್ಲದ ಸ್ವಯಂಸೇವಕರು. ನ್ಯಾಷನಲ್ ಮೆಡಲ್ ಅಂತ 1975ರಲ್ಲಿ ಶುರು ಮಾಡಿದ್ದು ಈಗಲೂ ಇದೆ, ಇವರಿಗೂ ಸಿಗುತ್ತೆ. 15 ವರ್ಷ ಒಳ್ಳೆ ನಡತೆಯಿಂದ ಸೇವೆ ಮಾಡಿದ್ರೆ ಆಯ್ತು, ಸಾಹಸ ಮಾಡಿ ತೋರಿಸ್ಬೇಕಾಗಿಲ್ಲ. ಆಮೇಲೆ ಪ್ರತಿ 10 ವರ್ಷಕ್ಕೆ ರಿಬ್ಬನ್ ಮೇಲೆ ಒಂದೊಂದು ಪಟ್ಟಿ ಸೇರುತ್ತೆ. ವರ್ಷಗಟ್ಲೆ ಬಿಡದೆ ಬಂದಿದ್ದೇ ದೊಡ್ಡದು ಅಂತ ಲೆಕ್ಕ, ನಮ್ಮಲ್ಲೂ ಹಾಗೇ ಆಗ್ಬೇಕು.

ಸೆಕ್ಷನ್ ಲೀಡರ್: ಪದಕ ಬೇಕು, ಬೇಡ ಅನ್ನಲ್ಲ. ಆದ್ರೆ ನಮಗೆ ಸಂಬಳ ಇಲ್ಲ, ಡ್ಯೂಟಿ ಮಾಡಿದ ದಿನದ ಭತ್ಯೆ ಮಾತ್ರ. ತಿಂಗಳ 30 ದಿನ ಮಾಡಿದ್ರೆ ಪೊಲೀಸ್ ಕಾನ್‌ಸ್ಟೇಬಲ್‌ನ ಕನಿಷ್ಠ ವೇತನದಷ್ಟಾದ್ರೂ ಆಗ್ಬೇಕು ಅಂತ ಸುಪ್ರೀಂ ಕೋರ್ಟೇ 2015ರಲ್ಲಿ ಹೇಳಿದೆ. ಗೌರವ ಅಂದ್ರೆ ಅದೂ ಸೇರ್ಬೇಕು.

ಹೊಳೆಬದಿ: ಎಲ್ರಿಗೂ ಥ್ಯಾಂಕ್ಸ್. ಸರ್ಟಿಫಿಕೇಟುಗಳು ಟ್ರಂಕಲ್ಲಿ ಇವೆ, ಆದ್ರೆ ನೆರೆ ಡ್ಯೂಟಿ ಆದೇಶಗಳು ನೀರು ಬಿದ್ದು ಹಾಳಾಗಿವೆ. ಆಗಿನ ಘಟಕಾಧಿಕಾರಿ ಈಗ ನಿವೃತ್ತರು, ಅವರ ಹತ್ರ ಒಂದು ಪತ್ರ ಬರೆಸಿಕೊಂಡ್ರೆ ನಡೆಯುತ್ತಾ?

ಮಾಜಿ ಪ್ಲಟೂನ್: ಪತ್ರ ಬರೆಸಿ ಇಟ್ಕೊಳ್ಳಿ, ಜೊತೆಗೆ ಜಿಲ್ಲಾ ಕಚೇರಿಲಿ ಭತ್ಯೆ ಕೊಟ್ಟ ಲೆಕ್ಕ ಇರುತ್ತೆ, ಯಾವ ದಿನ ಎಲ್ಲಿ ಡ್ಯೂಟಿ ಅಂತ ಅದರಲ್ಲಿ ಸಿಗಬಹುದು. ಮೊದಲು ಅದನ್ನ ಕೇಳಿ.