ಕಿರಿದಾದ ಫ್ಲೂಮಿನಲ್ಲಿ ಬೋಯ್ ಪರೀಕ್ಷೆ: ಹೀವ್ ಶಿಖರ ನೆಮೋ ಲೆಕ್ಕಕ್ಕೆ ಏಕೆ ಕೂಡುತ್ತಿಲ್ಲ?

ಕಡಲತಡಿ (ಪ್ರಶ್ನೆ)

ಅಲೆಯಿಂದ ಶಕ್ತಿ ಪಡೆಯುವ ಬೋಯ್ (ತೇಲುಬುರುಡೆ) ಒಂದರ 1:50 ಮಾದರಿಯನ್ನು ಫ್ಲೂಮಿನಲ್ಲಿ (ಕೃತಕ ಅಲೆ ಎಬ್ಬಿಸುವ ಉದ್ದನೆಯ ಕಾಲುವೆ) ಪರೀಕ್ಷಿಸುತ್ತಿದ್ದೇವೆ. ಅಳತೆಗೂ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ. ತಿಳಿದವರು ದಯವಿಟ್ಟು ನೋಡಿ.

ಬೋಯ್ ಚಪ್ಪಟೆ ತಳದ ಸಿಲಿಂಡರ್. ವ್ಯಾಸ 20 ಸೆಂ.ಮೀ., ನೀರಿನಲ್ಲಿ ಮುಳುಗುವುದು 16 ಸೆಂ.ಮೀ., ತೂಕ 5.03 ಕೆ.ಜಿ. ಫ್ಲೂಮ್ 50 ಮೀ. ಉದ್ದ, 0.71 ಮೀ. ಅಗಲ (ಸುರತ್ಕಲ್ ಎನ್‌ಐಟಿಕೆಯ ಫ್ಲೂಮಿನ ಅಳತೆಯೇ), ನೀರಿನ ಆಳ 0.6 ಮೀ. ಮಾದರಿ ಅಲೆ ಎಬ್ಬಿಸುವ ಪ್ಯಾಡಲ್‌ನಿಂದ 25 ಮೀ. ದೂರದಲ್ಲಿದೆ. ಮೇಲೆ-ಕೆಳಗೆ ಮಾತ್ರ ಚಲಿಸಲೆಂದು 12 ಮಿ.ಮೀ. ಅಲ್ಯೂಮಿನಿಯಂ ರಾಡ್ ಜೋಡಿಸಿ ಎರಡು ಲೀನಿಯರ್ ಬೇರಿಂಗ್‌ಗಳಲ್ಲಿ ಹಾಯಿಸಿದ್ದೇವೆ. ರಾಡ್ 320 ಗ್ರಾಂ ತೂಗುವುದರಿಂದ ಬೋಯ್ ಹೆಚ್ಚು ಮುಳುಗುತ್ತಿತ್ತು. ಅದಕ್ಕೆ ರಾಟೆಯ ಮೇಲಿಂದ ದಾರ ಇಳಿಬಿಟ್ಟು 320 ಗ್ರಾಂ ಕೌಂಟರ್‌ವೇಟ್ ಕಟ್ಟಿದೆವು. ಈಗ ಮುಳುಗು ಸರಿಯಾಗಿ 16 ಸೆಂ.ಮೀ. ಇದೆ.

ಅಲೆಬಲ ಲೆಕ್ಕ ಹಾಕುವ ನೆಮೋ ತಂತ್ರಾಂಶದ ಪ್ರಕಾರ ಹೀವ್ (ಮೇಲೆ-ಕೆಳಗಿನ ಚಲನೆ) ಆ್ಯಡೆಡ್ ಮಾಸ್ (ಬೋಯ್ ಜೊತೆ ಅಲ್ಲಾಡುವ ನೀರಿನ ರಾಶಿ) 1.35 ಕೆ.ಜಿ., ಸ್ವಾಭಾವಿಕ ಅವಧಿ 0.90 ಸೆ., ಶಿಖರದಲ್ಲಿ ಆರ್‌ಎಒ (ಬೋಯ್‌ನ ಚಲನೆ ಅಲೆಯ ಎಷ್ಟು ಪಟ್ಟು ಎಂಬುದು) 7.6. ಅಳೆದಾಗ ಶಿಖರ 0.95 ಸೆಕೆಂಡಿಗೆ ಸರಿದಿದೆ. ಎತ್ತರವೂ ಕಡಿಮೆ: ಅಲೆಯ ಎತ್ತರ 1, 2, 3 ಸೆಂ.ಮೀ. ಇದ್ದಾಗ ಕ್ರಮವಾಗಿ 5.2, 4.3, 3.7. ಅದೇ ಅಲೆಯನ್ನು ಮತ್ತೆ ಬಿಟ್ಟರೆ 0.95 ಸೆಕೆಂಡಿನ ಸುತ್ತ ಮಾತ್ರ ಫಲಿತಾಂಶ ಶೇ. 8ರಷ್ಟು ಆಚೀಚೆ ಆಗುತ್ತಿದೆ. ಲೆಕ್ಕಕ್ಕಾಗಿ ಬೋಯ್‌ನ ಮೇಲ್ಮೈಯನ್ನು ಹಂಚುವ ಪ್ಯಾನೆಲ್‌ಗಳನ್ನು 400ರಿಂದ 1600ಕ್ಕೆ ಏರಿಸಿದರೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. 0.95 ಸೆಕೆಂಡಿನಲ್ಲಿ ನೆಮೋ ಕೊಡುವ ಅಲೆಬಲ, ಅಲೆಯ ಪಾರದ (ಎತ್ತರದ ಅರ್ಧ) ಪ್ರತಿ ಮೀಟರಿಗೆ 118 ನ್ಯೂಟನ್.

ಮುಂದಿನ ಹಂತದಲ್ಲಿ ಇದೇ ಬೋಯ್ ನಡುವೆ ಟೊಳ್ಳು ಕೊಳವೆ ಮಾಡಿ ಒಳಗಿನ ನೀರು ಏರಿಳಿದು ತಳ್ಳುವ ಗಾಳಿಯಿಂದ ತಿರುಗುವ ಟರ್ಬೈನಿನ ಮಾದರಿ ಮಾಡುವ ಯೋಚನೆಯಿದೆ. ಅದಕ್ಕೂ ಸಲಹೆ ಬೇಕು.

ತಳಪಾಯ

ಅವಧಿ ಸರಿದದ್ದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ಕೌಂಟರ್‌ವೇಟ್.

ಕೌಂಟರ್‌ವೇಟ್ ತೂಕವನ್ನು ಸರಿದೂಗಿಸುತ್ತದೆ, ಜಡತ್ವವನ್ನಲ್ಲ. ಬೋಯ್ ಮೇಲೇರಿದಾಗ ರಾಡ್ ಕೂಡ ಏರಬೇಕು, ಆಚೆ ಕಡೆಯ ಬಟ್ಟು ಅಷ್ಟೇ ವೇಗದಲ್ಲಿ ಇಳಿಯಬೇಕು. ಎರಡನ್ನೂ ಅಲೆಯೇ ಅಲ್ಲಾಡಿಸಬೇಕು. ಹಾಗಾಗಿ ಚಲಿಸುವ ರಾಶಿಗೆ 0.64 ಕೆ.ಜಿ. ಸೇರಿದೆ. ಮುಳುಗು ಸರಿಯಾಗಿ ಇರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಜಲಮೇಲ್ಮೈ ಕೊಡುವ ಬಿಗಿತ 1000 × 9.81 × 0.0314, ಅಂದರೆ ಮೀಟರಿಗೆ 308 ನ್ಯೂಟನ್. ನೆಮೋಗೆ ನೀವು ಕೊಟ್ಟ ರಾಶಿ 5.03, ಆ್ಯಡೆಡ್ ಮಾಸ್ 1.35, ಒಟ್ಟು 6.38: ಅವಧಿ 0.90 ಸೆ. ರಾಡನ್ನೂ ಬಟ್ಟನ್ನೂ ಸೇರಿಸಿದರೆ 7.02: ಅವಧಿ 0.95 ಸೆ. ನೀವು ಅಳೆದದ್ದು ಅದನ್ನೇ. ರಾಟೆ ಭಾರವಾಗಿದ್ದರೆ ಅದರ ಜಡತ್ವವನ್ನೂ ತ್ರಿಜ್ಯದ ವರ್ಗದಿಂದ ಭಾಗಿಸಿ ಸೇರಿಸಿ.

ಅವಧಿಯ ವಿಚಾರದಲ್ಲಿ ಪ್ಯಾನೆಲ್ ಮೇಲೆ ಅನುಮಾನ ಬೇಡ. ಸಣ್ಣ ಅವಧಿಗಳ ಕಡೆ ಹೋದಾಗ ಮಾತ್ರ ಎಚ್ಚರವಿರಲಿ. ಈ ಅಳತೆಯ ಸಿಲಿಂಡರಿಗೆ ಸುಮಾರು 0.41 ಸೆಕೆಂಡಿನಲ್ಲಿ ಲೆಕ್ಕದ ವಿಧಾನದಿಂದಲೇ ಹುಟ್ಟುವ ಸುಳ್ಳು ಮುಳ್ಳೊಂದು ಬರುತ್ತದೆ. ಅದು ಭೌತಿಕವಲ್ಲ. ಸಿಲಿಂಡರಿನ ಒಳಗಿನ ನೀರಿನ ಮಟ್ಟದಲ್ಲಿ ಮುಚ್ಚಳದ ಪ್ಯಾನೆಲ್ ಹಾಕಿದರೆ ಹೋಗುತ್ತದೆ.

ಅಲೆಗೆರೆ

ಅವಧಿಯ ಮಾತು ಮೇಲಿನವರು ಹೇಳಿದಂತೆಯೇ. ಎತ್ತರದ ಮಾತು ಬೇರೆ, ಅದರಲ್ಲಿ ಮೂರು ಕಾರಣಗಳು ಹೆಣೆದುಕೊಂಡಿವೆ. ಒಂದೊಂದಾಗಿ ಬಿಡಿಸೋಣ.

ಅನುರಣನದಲ್ಲಿ (ಅಲೆಯ ಅವಧಿ ಬೋಯ್‌ನ ಸ್ವಾಭಾವಿಕ ಅವಧಿಗೆ ಕೂಡಿದಾಗ) ಬಿಗಿತವೂ ಜಡತ್ವವೂ ಒಂದನ್ನೊಂದು ಕಳೆದುಕೊಳ್ಳುತ್ತವೆ, ಉಳಿಯುವುದು ಡ್ಯಾಂಪಿಂಗ್ (ಚಲನೆಯನ್ನು ತಗ್ಗಿಸುವ ತಡೆ) ಮಾತ್ರ. ಹಾಗಾಗಿ ಅಲೆಬಲವನ್ನು ಬೋಯ್‌ನ ವೇಗದಿಂದ ಭಾಗಿಸಿದರೆ ಒಟ್ಟು ಡ್ಯಾಂಪಿಂಗ್ ನೇರವಾಗಿ ಸಿಗುತ್ತದೆ. ನಿಮ್ಮ ಮೂರು ಅಲೆಗಳಿಗೆ ಬೋಯ್‌ನ ಪಾರ 2.6, 4.3, 5.55 ಸೆಂ.ಮೀ. ಡ್ಯಾಂಪಿಂಗ್ ಸೆಕೆಂಡಿಗೆ ಸುಮಾರು 3.4, 4.1, 4.8 ಕೆ.ಜಿ. ಇವನ್ನು ಪಾರಕ್ಕೆ ಎದುರಾಗಿ ಗುರುತು ಮಾಡಿ. ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಕೂರುತ್ತವೆ. ಗೆರೆಯ ಏರು ಮೀಟರಿಗೆ ಸುಮಾರು 47, ಸೊನ್ನೆ ಪಾರದಲ್ಲಿ ಉಳಿಯುವುದು 2.2.

ಏರುವ ಭಾಗ ತಳದ ಚೂಪು ಅಂಚಿನಲ್ಲಿ ಕಳಚುವ ಸುಳಿಗಳದು. ವೇಗದ ವರ್ಗಕ್ಕೆ ತಕ್ಕ ಎಳೆತವಾದ್ದರಿಂದ ಪಾರ ಹೆಚ್ಚಿದಂತೆ ಬೆಳೆಯುತ್ತದೆ. ಈ ಏರಿನಿಂದ ತಳದ ವಿಸ್ತೀರ್ಣದ ಮೇಲೆ ಎಳೆತ ಗುಣಾಂಕ ಸುಮಾರು 0.53 ಬರುತ್ತದೆ. ಬೇರಿಂಗಿನ ಒಣ ಘರ್ಷಣೆಯೇ ಮುಖ್ಯವಾಗಿದ್ದರೆ ಚಿತ್ರ ತಿರುವುಮುರುವಾಗುತ್ತಿತ್ತು: ಸಣ್ಣ ಅಲೆಯಲ್ಲೇ ಆರ್‌ಎಒ ಹೆಚ್ಚು ಕುಗ್ಗುತ್ತಿತ್ತು. ನಿಮ್ಮಲ್ಲಿ ಸಣ್ಣ ಅಲೆಗೇ ಆರ್‌ಎಒ ಹೆಚ್ಚು, ಆದ್ದರಿಂದ ಮುಂದಾಳು ಸುಳಿಗಳೇ.

ಇನ್ನು ಆ 2.2. ತೆರೆದ ಸಮುದ್ರದಲ್ಲಿ ಇದೇ ಬೋಯ್ ಅಲೆ ಹೊರಸೂಸಿ ಕಳೆದುಕೊಳ್ಳುವ ಡ್ಯಾಂಪಿಂಗ್ 0.95 ಸೆಕೆಂಡಿನಲ್ಲಿ 2.16. ಎರಡೂ ಒಂದೇ ಎಂದು ಸಮಾಧಾನಪಟ್ಟುಕೊಳ್ಳಬೇಡಿ! ನಿಮ್ಮದು ತೆರೆದ ಸಮುದ್ರವಲ್ಲ, 71 ಸೆಂ.ಮೀ. ಅಗಲದ ಕಾಲುವೆ. ಬೋಯ್ ಎಬ್ಬಿಸಿದ ವರ್ತುಲ ಅಲೆ ಪಕ್ಕದ ಗೋಡೆಗೆ ಬಡಿದು ಮರಳಲು 51 ಸೆಂ.ಮೀ. ಹೋಗಬೇಕು. ಗುಂಪುವೇಗ (ಅಲೆಯ ಶಕ್ತಿ ಸಾಗುವ ವೇಗ) ಸೆಕೆಂಡಿಗೆ 0.77 ಮೀ. ಅಂದರೆ 0.7 ಸೆ., ಒಂದು ಆವರ್ತ ಮುಗಿಯುವ ಮೊದಲೇ. ಅಲೆಬಲ ಅಷ್ಟೇ ಇದೆ ಎಂದುಕೊಂಡರೆ ಕಾಲುವೆಯ ಹೊರಸೂಸು ಡ್ಯಾಂಪಿಂಗ್ ತೆರೆದ ನೀರಿನ ಡ್ಯಾಂಪಿಂಗಿನ ಎಷ್ಟು ಪಾಲು ಎಂಬುದಕ್ಕೆ ಸರಳ ಲೆಕ್ಕವಿದೆ: ಅಲೆಯುದ್ದವನ್ನು, 3.14ರಿಂದ ಗುಣಿಸಿದ ಫ್ಲೂಮಿನ ಅಗಲದಿಂದ ಭಾಗಿಸಿ. 1.40 ಭಾಗಿಸು 2.23, ಅಂದರೆ 0.63. ಡ್ಯಾಂಪಿಂಗ್ 1.35ಕ್ಕೆ ಇಳಿಯುತ್ತದೆ. ಅಲೆಯುದ್ದ ಫ್ಲೂಮಿನ ಅಗಲಕ್ಕಿಂತ ಹೆಚ್ಚಿದ್ದು, ಬೋಯ್ ನಡುಮಧ್ಯದಲ್ಲಿ ಇದ್ದರೆ ಮಾತ್ರ ಈ ಲೆಕ್ಕ ಸಲ್ಲುತ್ತದೆ.

ಹಾಗಾದರೆ ಉಳಿದ 0.8 ಎಲ್ಲಿಯದು? ನನ್ನ ಅನುಮಾನ ಗೈಡ್ ಬೇರಿಂಗಿನ ಗ್ರೀಸ್ ಮತ್ತು ರಾಟೆಯ ಮೇಲೆ. ಸಣ್ಣದೆಂದು ಬಿಡಬೇಡಿ. ಮಾದರಿಯಿಂದ ದೊಡ್ಡ ಅಳತೆಗೆ ಒಯ್ಯುವ ಫ್ರೌಡ್ ನಿಯಮದಲ್ಲಿ ಡ್ಯಾಂಪಿಂಗ್ ಅಳತೆಯ ಅನುಪಾತದ 2.5ನೇ ಘಾತಕ್ಕೆ ಏರುತ್ತದೆ, 1:50ಕ್ಕೆ ಅದು 17,678 ಪಟ್ಟು. ನಿಮ್ಮ ಗ್ರೀಸು ಸಮುದ್ರದ ಬೋಯ್ ಮೇಲೆ ಸೆಕೆಂಡಿಗೆ 14 ಟನ್ನಿನ ಡ್ಯಾಂಪರ್ ಆಗಿ ಕೂರುತ್ತದೆ. ಶಕ್ತಿಯ ವಿಚಾರದಲ್ಲಿ ಘಾತ 3.5: ಮಾದರಿಯಲ್ಲಿ 0.01 ವಾಟ್ ತಪ್ಪಾದರೆ ಅಲ್ಲಿ 8.8 ಕಿಲೋವಾಟ್.

ಮರುಪರೀಕ್ಷೆಯಲ್ಲಿ ಶೇ. 8 ಅಲ್ಲಾಡುವುದಕ್ಕೆ ಕಾರಣ ಅಡ್ಡ ಅಲೆ. 0.71 ಮೀ. ಅಗಲ, 0.6 ಮೀ. ಆಳದಲ್ಲಿ ಗೋಡೆಯಿಂದ ಗೋಡೆಗೆ ತೊನೆಯುವ ಮೊದಲ ಅಡ್ಡ ಅಲೆಯ ಅವಧಿ 0.96 ಸೆ. ನಿಮ್ಮ ಶಿಖರ ಅದರ ಮಗ್ಗುಲಲ್ಲೇ ಇದೆ. ಆ ಅವಧಿಯಲ್ಲಿ ಅದಕ್ಕೆ ಉದ್ದಕ್ಕೆ ಸಾಗುವ ವೇಗವೇ ಇರುವುದಿಲ್ಲ. ಎಬ್ಬಿಸಿದ ಶಕ್ತಿ ಬೋಯ್ ಸುತ್ತಲೇ ನಿಂತು ನಿಧಾನಕ್ಕೆ ಬೆಳೆಯುತ್ತದೆ. ಬೋಯ್ ಸರಿಯಾಗಿ ನಡುವೆ ಇದ್ದರೆ ಅದು ಏಳುವುದಿಲ್ಲ, ಕೆಲವು ಮಿ.ಮೀ. ಪಕ್ಕಕ್ಕಿದ್ದರೂ ಏಳುತ್ತದೆ. ಮಾದರಿಯ ನೇರದಲ್ಲಿ ಎರಡು ಗೋಡೆಗಳಿಗೂ ಹತ್ತಿರ ನೀರಿನ ಮಟ್ಟ ಅಳೆಯುವ ಒಂದೊಂದು ಪ್ರೋಬ್ ಇಟ್ಟು ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿಯುವುದೇ ಅಡ್ಡ ಅಲೆ.

ಕಡಲತಡಿ

ಇಬ್ಬರಿಗೂ ಧನ್ಯವಾದ. ರಾಡ್, ಬಟ್ಟು ಸೇರಿಸಿ ನೆಮೋ ಮತ್ತೆ ಓಡಿಸಿದೆ, ಶಿಖರ 0.95ಕ್ಕೆ ಬಂತು. ಗೋಡೆ ಪಕ್ಕದ ಪ್ರೋಬ್‌ಗಳ ವ್ಯತ್ಯಾಸ ನೋಡಿದೆವು: 3 ಸೆಂ.ಮೀ. ಅಲೆಯಲ್ಲಿ 40ನೇ ಆವರ್ತದ ಹೊತ್ತಿಗೆ 6 ಮಿ.ಮೀ. ಆಗಿತ್ತು. ಬೋಯ್ 4 ಮಿ.ಮೀ. ಎಡಕ್ಕಿದೆ. ಗೈಡಿನ ಘರ್ಷಣೆಯನ್ನು ಬೇರೆಯಾಗಿ ಅಳೆಯುವುದು ಹೇಗೆ? ದಾಖಲೆಯ ಯಾವ ಭಾಗವನ್ನು ನಂಬಬೇಕು?

ತಳಪಾಯ

ಗೈಡನ್ನು ಗಾಳಿಯಲ್ಲೇ ಪರೀಕ್ಷಿಸಿ. ಫ್ಲೂಮ್ ಖಾಲಿ ಮಾಡಬೇಕಿಲ್ಲ, ಗೈಡ್ ಹೊತ್ತ ಚೌಕಟ್ಟನ್ನು (ಗ್ಯಾಂಟ್ರಿ) ಮೇಲೆತ್ತಿದರೆ ಸಾಕು. ಬೋಯ್ ಬಿಚ್ಚಿ, ಚಲಿಸುವ ಒಟ್ಟು ರಾಶಿ 7 ಕೆ.ಜಿ. ಆಗುವಂತೆ ಸೀಸದ ಬಟ್ಟು ಕಟ್ಟಿ, ಎಲ್ಲವನ್ನೂ ಮೀಟರಿಗೆ 308 ನ್ಯೂಟನ್ ಬಿಗಿತದ ಸ್ಪ್ರಿಂಗಿಗೆ ತೂಗುಹಾಕಿ. 5 ಸೆಂ.ಮೀ. ಎಳೆದು ಬಿಡಿ. ಶಿಖರಗಳ ಹೊದಿಕೆ ನೇರ ಗೆರೆಯಾಗಿ ಇಳಿದರೆ ಒಣ ಘರ್ಷಣೆ, ಘಾತೀಯವಾಗಿ ಇಳಿದರೆ ಗ್ರೀಸು. ಅಲೆಯಲ್ಲಿ ರಾಡನ್ನು ಪಕ್ಕಕ್ಕೆ ಒತ್ತುವ ಬಲವೂ ಇರುತ್ತದೆ, 3 ಸೆಂ.ಮೀ. ಅಲೆಗೆ 4-5 ನ್ಯೂಟನ್. ಆದ್ದರಿಂದ ಉದ್ದನೆಯ ದಾರದಿಂದ ಅಷ್ಟು ಬಲವನ್ನು ಅಡ್ಡಕ್ಕೆ ಕೊಟ್ಟು ಇನ್ನೊಮ್ಮೆ ಮಾಡಿ. ಬರೀ ನೇರ ತೂಗಿನಲ್ಲಿ ಬೇರಿಂಗ್ ಚೆನ್ನಾಗಿ ಜಾರುತ್ತದೆ, ಪಕ್ಕಬಲ ಬಿದ್ದಾಗ ಹಿಡಿಯುತ್ತದೆ.

ಕಾಯಂ ಪರಿಹಾರ: ಕೌಂಟರ್‌ವೇಟ್ ತೆಗೆದುಹಾಕಿ. ರಾಡಿನ 320 ಗ್ರಾಂ ಅನ್ನು ಬೋಯ್‌ನ ಲೆಕ್ಕದಲ್ಲೇ ಸೇರಿಸಿ, ಒಳಗಿನ ಬ್ಯಾಲಾಸ್ಟ್ (ತೂಕಕ್ಕಾಗಿ ತುಂಬಿದ ಭಾರ) ಅಷ್ಟೇ ಕಡಿಮೆ ಮಾಡಿ. ಆಗ ಚಲಿಸುವ ರಾಶಿ ಸರಿಯಾಗಿ 5.03 ಆಗುತ್ತದೆ, ಅವಧಿ 0.90ಕ್ಕೆ ಮರಳುತ್ತದೆ, ಅಡ್ಡ ಅಲೆಯ 0.96ರಿಂದಲೂ ದೂರ ಸರಿಯುತ್ತದೆ.

ಗೈಡೇ ಬೇಡವೆಂದರೆ ಹಿಂದೆ ಎರಡು, ಮುಂದೆ ಎರಡು ಮೆತ್ತನೆ ಸ್ಪ್ರಿಂಗ್ ಹಗ್ಗ ಕಟ್ಟಿ ಕ್ಯಾಮೆರಾದಿಂದ ಚಲನೆ ಅಳೆಯಬಹುದು. ಹಗ್ಗಗಳ ಒಟ್ಟು ಅಡ್ಡ ಬಿಗಿತ ಮೀಟರಿಗೆ 11 ನ್ಯೂಟನ್ ಆಸುಪಾಸಿದ್ದರೆ ಮುಂದು-ಹಿಂದಿನ ಅವಧಿ 6 ಸೆ. ಆಗಿ ಅಲೆಯಿಂದ ದೂರ ನಿಲ್ಲುತ್ತದೆ. ಆದರೆ ಬೋಯ್ ಆಗ ಓಲಾಡಲೂ ಬಹುದು. ಓಲಾಟದ ಅವಧಿ 1.8 ಸೆಕೆಂಡಿನ ಹತ್ತಿರ, ಅಂದರೆ ಹೀವ್‌ನ ಎರಡರಷ್ಟು ಬರದಂತೆ ಬ್ಯಾಲಾಸ್ಟ್ ಕೂರಿಸಿ. ಬಂದರೆ ಹೀವ್‌ನ ಶಕ್ತಿ ಓಲಾಟಕ್ಕೆ ಸೋರಿಹೋಗುತ್ತದೆ.

ಅಲೆಗೆರೆ

ಯಾವ ಭಾಗ ನಂಬಬೇಕು ಎಂಬುದಕ್ಕೆ ಗಡಿಯಾರದ ಲೆಕ್ಕ ಮಾಡಿ. 0.95 ಸೆಕೆಂಡಿನ ಅಲೆಯ ಮುಂಭಾಗ 25 ಮೀ. ಬರಲು 32 ಸೆ. ನಿಮ್ಮ ಬೀಚ್ (ಫ್ಲೂಮಿನ ಕೊನೆಯಲ್ಲಿ ಅಲೆ ಹೀರುವ ಇಳಿಜಾರು) ಮಾದರಿಯಿಂದ 20 ಮೀ. ಆಚೆ ಇದೆ ಎಂದುಕೊಂಡರೆ ಅಲ್ಲಿಂದ ಪ್ರತಿಫಲನ ಮರಳಲು ಇನ್ನೂ 52 ಸೆ. ಬೋಯ್ ಚಿಮ್ಮಿಸಿದ ಅಲೆ ಪ್ಯಾಡಲಿಗೆ ಬಡಿದು ಬರಲು 65 ಸೆ. ಮೊದಲ 10-12 ಆವರ್ತ ಬಿಡಿ, 44ರಿಂದ 84 ಸೆ. ವರೆಗಿನ 40 ಸೆಕೆಂಡು ಶುದ್ಧ ದಾಖಲೆ. ಅಡ್ಡ ಅಲೆ ಬೆಳೆಯುತ್ತಿದ್ದರೆ ಅದನ್ನೂ ಮೊಟಕು ಮಾಡಬೇಕಾಗುತ್ತದೆ.

ಎದುರು ಅಲೆಯನ್ನು ಮಾದರಿಯ ಮುಂದಿನ ಪ್ರೋಬಿನಿಂದ ತೆಗೆದುಕೊಳ್ಳಬೇಡಿ, ಅಲ್ಲಿ ಬೋಯ್ ಚಿಮ್ಮಿಸಿದ್ದೂ ಸೇರಿರುತ್ತದೆ. ಮಾದರಿ ಎತ್ತಿ ಅದೇ ಜಾಗದಲ್ಲಿ ಪ್ರೋಬ್ ಇಟ್ಟು ಅದೇ ಪ್ಯಾಡಲ್ ಸಂಕೇತವನ್ನು ಮೊದಲೇ ಓಡಿಸಿ ಅಳೆಯಿರಿ. ಬೀಚಿನ ಪ್ರತಿಫಲನ ತಿಳಿಯಲು ಮನ್ಸಾರ್ಡ್-ಫಂಕೆ ಅವರ 1980ರ ಮೂರು ಪ್ರೋಬ್ ವಿಧಾನ ಸಾಕು. ಅಲೆಯುದ್ದ 1.40 ಮೀ. ಇರುವಾಗ ಮೊದಲೆರಡು ಪ್ರೋಬ್ ನಡುವೆ 14 ಸೆಂ.ಮೀ., ಒಂದನೆಯದರಿಂದ ಮೂರನೆಯದಕ್ಕೆ 35 ಸೆಂ.ಮೀ. ಇಡಿ. 28 ಮತ್ತು 42 ಸೆಂ.ಮೀ. ಬೇಡ, ಅಲ್ಲಿ ಸಮೀಕರಣ ಕೈಕೊಡುತ್ತದೆ. ಪ್ರೋಬ್ ರೆಸಿಸ್ಟೆನ್ಸ್ ಬಗೆಯದಾದರೆ ಬೆಳಿಗ್ಗೆ, ಮಧ್ಯಾಹ್ನ ಎರಡು ಸಲ ಕ್ಯಾಲಿಬ್ರೇಟ್ ಮಾಡಿ. ನೀರು 1 ಡಿಗ್ರಿ ಬಿಸಿಯಾದರೆ ವಾಹಕತೆ ಸುಮಾರು ಶೇ. 2 ಏರುತ್ತದೆ.

ಲೆಕ್ಕವನ್ನು ಫ್ಲೂಮಿಗೆ ಹೋಲಿಸಬೇಕಾದರೆ ಗೋಡೆಗಳನ್ನು ಕನ್ನಡಿಗಳೆಂದು ಭಾವಿಸಿ: 0.71 ಮೀ. ಅಂತರದಲ್ಲಿ ಸಾಲಾಗಿ ಏಳು ಅಥವಾ ಒಂಬತ್ತು ಬೋಯ್‌ಗಳನ್ನು ಒಟ್ಟಿಗೆ ಹೀವ್ ಮಾಡಿಸಿ, ನಡುವಿನದರ ಮೇಲಿನ ಬಲ ಮಾತ್ರ ತೆಗೆದುಕೊಳ್ಳಿ. ಎಳೆತ ಗುಣಾಂಕವನ್ನು ಅದರೊಂದಿಗೆ ಹೊಂದಿಸಿ, ಆಮೇಲೆ ಒಂಟಿ ಬೋಯ್ ಲೆಕ್ಕಕ್ಕೆ ಒಯ್ಯಿರಿ. ಅಂಚು ಚೂಪಾಗಿರುವವರೆಗೆ ಸುಳಿ ಕಳಚುವ ಜಾಗ ಬದಲಾಗದು, ಗುಣಾಂಕ ದೊಡ್ಡ ಅಳತೆಗೂ ಹೆಚ್ಚುಕಡಿಮೆ ಒಯ್ಯಬಹುದು. ಅಂಚನ್ನು ದುಂಡಗೆ ಮಾಡಿದರೆ ಆ ಭರವಸೆ ಇಲ್ಲ.

ಗಾಳಿಕೋಣೆ

ಮುಂದಿನ ಹಂತದ ಬಗ್ಗೆ. ಟೊಳ್ಳು ಕೊಳವೆಯ ಮಾದರಿಯಲ್ಲಿ ಗಾಳಿಕೋಣೆಯನ್ನೂ 1:50ಕ್ಕೆ ಕುಗ್ಗಿಸುವುದು ಎಲ್ಲರೂ ಮಾಡುವ ತಪ್ಪು. ಅಲೆಯ ಒತ್ತಡ 50 ಪಟ್ಟು ಕುಗ್ಗುತ್ತದೆ, ಕೊಠಡಿಯ ವಾತಾವರಣದ ಒತ್ತಡ ಕುಗ್ಗುವುದಿಲ್ಲ. ಹಾಗಾಗಿ ಸಣ್ಣ ಕೋಣೆಯ ಗಾಳಿ ಇರಬೇಕಾದ್ದಕ್ಕಿಂತ 50 ಪಟ್ಟು ಬಿಗಿಯಾಗಿ ವರ್ತಿಸುತ್ತದೆ, ಸಮುದ್ರದಲ್ಲಿ ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುವುದು ಮಾದರಿಯಲ್ಲಿ ಕಾಣುವುದೇ ಇಲ್ಲ. ಗಾಳಿಯ ಗಾತ್ರವನ್ನು ಅನುಪಾತದ ಘನದಿಂದಲ್ಲ, ವರ್ಗದಿಂದ ಭಾಗಿಸಬೇಕು.

ಉದಾಹರಣೆಗೆ 6 ಮೀ. ವ್ಯಾಸದ ಕೊಳವೆಯಲ್ಲಿ ನೀರಿನ ಮೇಲೆ 5 ಮೀ. ಗಾಳಿ: 141 ಘನ ಮೀ. ಆಕಾರಕ್ಕೆ ತಕ್ಕಂತೆ ಕುಗ್ಗಿಸಿದರೆ 1.1 ಲೀಟರ್, ಬೇಕಾದ್ದು 56 ಲೀಟರ್. ಅಷ್ಟು ಗಾಳಿ ಬೋಯ್ ಮೇಲೆ ಕೂರುವುದಿಲ್ಲ. ಗ್ಯಾಂಟ್ರಿಯ ಮೇಲೆ ಗಟ್ಟಿ ಡ್ರಮ್ ಇಟ್ಟು, ಅಗಲವಾದ ಹಗುರ ಮೆದು ಹೋಸಿನಿಂದ ಕೋಣೆಗೆ ಸೇರಿಸಿ. ಹೋಸ್ ಕಿರಿದಾದರೆ ಅದೇ ಇನ್ನೊಂದು ಟರ್ಬೈನ್ ಆಗಿಬಿಡುತ್ತದೆ. ಹೋಸಿನ ಬಿಗಿತವನ್ನು ಹೀವ್ ಡಿಕೇ ಪರೀಕ್ಷೆಯಲ್ಲಿ (ಬೋಯ್ ಒತ್ತಿ ಬಿಟ್ಟು ಏರಿಳಿತ ತಗ್ಗುವುದನ್ನು ಅಳೆಯುವುದು), ಹೋಸ್ ಇದ್ದೂ ಇಲ್ಲದೆಯೂ, ನೋಡಿಕೊಳ್ಳಿ. ಡ್ರಮ್ ಪ್ಲಾಸ್ಟಿಕ್ಕಿನದಾದರೆ ಗೋಡೆ ಉಬ್ಬಿ ಲೆಕ್ಕ ಕೆಡಿಸುತ್ತದೆ, ಕಬ್ಬಿಣದ್ದೇ ಇರಲಿ.

ಟರ್ಬೈನ್ ಯಾವುದೆಂದು ಮೊದಲು ನಿರ್ಧರಿಸಿ. ವೆಲ್ಸ್ ಟರ್ಬೈನಿನಲ್ಲಿ ಒತ್ತಡ ಹರಿವಿಗೆ ನೇರ ಅನುಪಾತದಲ್ಲಿರುತ್ತದೆ, ಮಾದರಿಯಲ್ಲಿ ಅದಕ್ಕೆ ಒತ್ತಾದ ಬಟ್ಟೆ ಅಥವಾ ಸಣ್ಣ ಕೊಳವೆಗಳ ಕಟ್ಟು ಬೇಕು. ಇಂಪಲ್ಸ್ ಟರ್ಬೈನಿನಲ್ಲಿ ಒತ್ತಡ ಹರಿವಿನ ವರ್ಗಕ್ಕೆ ತಕ್ಕಂತೆ, ಅದಕ್ಕೆ ತೂತಿನ ತಟ್ಟೆ ಸಾಕು. ಕೇರಳದ ವಿಳಿಂಜದಲ್ಲಿ 1991ರಲ್ಲಿ ಚಾಲೂ ಆದ 150 ಕಿಲೋವಾಟ್ ಸ್ಥಾವರ ವೆಲ್ಸ್‌ನಿಂದ ಶುರುವಾಗಿ ಮುಂದೆ ಇಂಪಲ್ಸ್ ಟರ್ಬೈನನ್ನೂ ಕಂಡಿತು. ತಟ್ಟೆಯಿಟ್ಟು ಪರೀಕ್ಷಿಸಿ ವೆಲ್ಸ್ ಎಂದು ಬರೆದರೆ ಸಣ್ಣ ಅಲೆಯಲ್ಲಿ ಡ್ಯಾಂಪಿಂಗ್ ಕಡಿಮೆಯೂ ದೊಡ್ಡ ಅಲೆಯಲ್ಲಿ ಹೆಚ್ಚೂ ಬಂದು ಇಡೀ ಶಕ್ತಿ ಕೋಷ್ಟಕ ಓರೆಯಾಗುತ್ತದೆ.

ತಟ್ಟೆಯನ್ನು 2 ಮಿ.ಮೀ. ದಪ್ಪದ ಹಾಳೆಯಲ್ಲಿ ಮಾಡಿ, ತೂತಿನ ಅಂಚು ಚೂಪಾಗಿರಲಿ. ಒತ್ತಡ ಮತ್ತು ಹರಿವಿನ ಸಂಬಂಧವನ್ನು ಬ್ಲೋವರ್ ಇಟ್ಟು ಎರಡೂ ದಿಕ್ಕಿನಲ್ಲಿ ಬೇರೆಬೇರೆಯಾಗಿ ಅಳೆದುಕೊಳ್ಳಿ. ಒಂದು ಕಡೆ ಅಂಚು ಓರೆ ಮಾಡಿದ ತಟ್ಟೆ ಉಸಿರೆಳೆಯುವಾಗ ಒಂದು, ಬಿಡುವಾಗ ಇನ್ನೊಂದು ಗುಣಾಂಕ ಕೊಡುತ್ತದೆ.