ಗುಂಪಿನಲ್ಲಿ ಮಾಡಿಸಿದ ಅಲಾಯ್ ವೀಲ್: ಒಂಬತ್ತು ಕಾರುಗಳ ಪೈಕಿ ಐದರಲ್ಲಿ ಮಾತ್ರ ಸ್ಟಿಯರಿಂಗ್ ಅದುರುತ್ತಿದೆ

ನಾಗರಬಾವಿ_ಸಂಚಾಲಕ:
ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದ ಒಂಬತ್ತು ಮಂದಿ ಸೇರಿ, ಒಬ್ಬರೇ ತಯಾರಕರಿಂದ, ಒಂದೇ ವಿನ್ಯಾಸದಲ್ಲಿ, ನಾವೇ ಆರಿಸಿದ ಕಂಚಿನ ಬಣ್ಣ ಬಳಿಸಿ 36 ಅಲಾಯ್ ವೀಲ್‌ಗಳನ್ನು ಮಾಡಿಸಿಕೊಂಡೆವು. 2025ರ ಆಗಸ್ಟ್‌ನಲ್ಲಿ ಮುಂಗಡ ಕೊಟ್ಟಿದ್ದೆವು. ಮಾಲು ಅಕ್ಟೋಬರ್‌ನಲ್ಲಿ ಕೈಸೇರಿತು. ಹಣ ಕೂಡಿಸಿದವನೂ ನಾನೇ, ಪೆಟ್ಟಿಗೆಗಳನ್ನು ಇಳಿಸಿಕೊಂಡವನೂ ನಾನೇ ಆದ್ದರಿಂದ ಈಗ ಐವರು ನನಗೆ ಹಗಲಿರುಳು ಫೋನ್ ಮಾಡುತ್ತಿದ್ದಾರೆ. ಗಂಟೆಗೆ 80 ಕಿ.ಮೀ. ದಾಟಿದೊಡನೆ ಅವರ ಸ್ಟಿಯರಿಂಗ್ ಅದುರತೊಡಗುತ್ತದೆ. 100ರ ಹೊತ್ತಿಗೆ ಬಾಗಿಲ ಜೇಬಿನಲ್ಲಿರುವ ನೀರಿನ ಬಾಟಲಿಯೂ ಸದ್ದು ಮಾಡುತ್ತದೆಯಂತೆ. ನನ್ನ ಕಾರೂ ಸೇರಿದಂತೆ ಉಳಿದ ನಾಲ್ಕರಲ್ಲಿ ಯಾವ ತೊಂದರೆಯೂ ಇಲ್ಲ. ತಯಾರಕರು ಬ್ಯಾಲೆನ್ಸಿಂಗ್ (ವೀಲಿನ ತೂಕ ಸುತ್ತಲೂ ಸಮನಾಗುವಂತೆ ಸಣ್ಣ ತೂಕಗಳನ್ನು ಕೂರಿಸುವುದು) ಮಾಡಿಸಿ ಎಂದು ಹೇಳಿ ಕೈತೊಳೆದುಕೊಂಡಿದ್ದಾರೆ. ಒಂದೇ ಅಚ್ಚಿನ ವೀಲ್‌ಗಳಲ್ಲಿ ಕೆಲವು ಮಾತ್ರ ಕೆಟ್ಟಿರಲು ಹೇಗೆ ಸಾಧ್ಯ? ಈ 20 ವೀಲ್‌ಗಳನ್ನು ಹಿಂದಕ್ಕೆ ಕಳುಹಿಸಬೇಕೇ, ಬೇಡವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ತುಮಕೂರು_ಟಯರ್:
80ರಿಂದ 100ರೊಳಗೆ ಅದುರುವುದು ಬ್ಯಾಲೆನ್ಸಿಂಗ್ ದೋಷದ ಲಕ್ಷಣವೇ ಸರಿ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಹೊಸ ಅಲಾಯ್‌ಗೆ ಒಳಮೈಯಲ್ಲಿ ಅಂಟಿಸುವ ತೂಕಗಳನ್ನು ಬಳಸುತ್ತಾರೆ. ಅಂಟಿಸುವ ಮುನ್ನ ಆ ಜಾಗವನ್ನು ಒರೆಸದಿದ್ದರೆ ಎರಡು ದಿನಗಳಲ್ಲಿ ಅವು ಉದುರಿಹೋಗುತ್ತವೆ. ಬೇರೆ ಅಂಗಡಿಯಲ್ಲಿ ಮತ್ತೊಮ್ಮೆ ಮಾಡಿಸಿ.

ನಾಗರಬಾವಿ_ಸಂಚಾಲಕ:
ಐವರೂ ಬೇರೆ ಬೇರೆ ಅಂಗಡಿಗಳಲ್ಲಿ ಮಾಡಿಸಿದ್ದಾರೆ. ಯಂತ್ರದ ಪರದೆಯಲ್ಲಿ ಎರಡೂ ಬದಿಗೆ ಸೊನ್ನೆ ಬಂದಿರುವ ಚಿತ್ರಗಳನ್ನೂ ನನಗೆ ಕಳುಹಿಸಿದ್ದಾರೆ. ತೂಕಗಳು ಉದುರಿಲ್ಲ.

ತುಮಕೂರು_ಟಯರ್:
ಹಾಗಿದ್ದರೆ ಆ ಯಂತ್ರಗಳೇ ಸರಿಯಿಲ್ಲ. ವರ್ಷಗಟ್ಟಲೆ ಕ್ಯಾಲಿಬ್ರೇಷನ್ ಕಾಣದ ಯಂತ್ರ ಸೊನ್ನೆಯನ್ನಲ್ಲದೆ ಇನ್ನೇನನ್ನು ತೋರಿಸೀತು? ನನ್ನ ಆಕ್ಟೇವಿಯಾಕ್ಕೆ 18 ಇಂಚಿನ ಫೋರ್ಜ್ಡ್ ವೀಲ್ ಹಾಕಿಸಿದಾಗ ನಾನು ಎದುರಿಗೇ ನಿಂತು, ಟಯರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ, ಮರಳಿ ಬ್ಯಾಲೆನ್ಸ್ ಮಾಡಿಸಿದ್ದೆ. ಇಂದಿಗೂ ಆ ಕಾರು ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಎಣ್ಣೆ ಸುರಿದ ಹಾಗೆ ಸಾಗುತ್ತದೆ. ಬಿಡುವಾದಾಗ ಅದರ ಚಿತ್ರಗಳನ್ನು ಹಾಕುತ್ತೇನೆ.

ಮೈಸೂರು_ಲೇತ್:
ಚಿತ್ರಗಳಿಗೆ ಬೇರೆಡೆ ಜಾಗವಿದೆ. ಸಂಚಾಲಕರೇ, ತಾವು ಇದುವರೆಗೆ ಹೇಳದಿರುವ ನಾಲ್ಕು ಸಂಗತಿಗಳು ಬೇಕು. ಅದುರುವ ಐದು ಕಾರುಗಳು ಯಾವುವು, ಅದುರದ ನಾಲ್ಕು ಯಾವುವು? ವೀಲಿನ ಸೆಂಟರ್ ಬೋರ್, ಎಂದರೆ ನಡುವಿನ ರಂಧ್ರ, ಎಷ್ಟು ಮಿ.ಮೀ. ಇದೆ? ಕಾರಿನಲ್ಲಿ ವೀಲ್ ಕೂರುವ ಹಬ್ಬಿಗೂ ಆ ರಂಧ್ರಕ್ಕೂ ನಡುವಿನ ಸಂದು ತುಂಬುವ ಹಬ್ ರಿಂಗ್ ಹಾಕಿದ್ದೀರಾ, ಹಾಕಿದ್ದರೆ ಯಾವ ಅಳತೆಯವು? ನಟ್‌ಗಳು ಹೊಸವೋ, ಕಾರಿನ ಜೊತೆಗೆ ಬಂದ ಹಳೆಯವೋ?

ನಾಗರಬಾವಿ_ಸಂಚಾಲಕ:
ಎಲ್ಲವೂ 4×100 ಪಿಸಿಡಿಯ (100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟ್‌ಗಳಿರುವ) ಕಾರುಗಳೇ ಆಗಿರುವುದರಿಂದ ಮಾದರಿಯನ್ನು ಹೇಳುವ ಅಗತ್ಯ ಕಾಣಲಿಲ್ಲ. ಆದರೂ ಕೇಳಿದ್ದೀರಿ: ಸರಿಯಿರುವವು ಮೂರು ಹೋಂಡಾ ಸಿಟಿ ಮತ್ತು ಒಂದು ಜಾಝ್, ಅದುರುವವು ಮೂರು ಬಲೆನೋ ಮತ್ತು ಎರಡು ಐ20. ವೀಲ್ 16 ಇಂಚು, ಅಗಲ 7 ಇಂಚು, ಆಫ್‌ಸೆಟ್ 40, ಬೋರ್ 73.1. ರಿಂಗ್‌ಗಳನ್ನು ತಯಾರಕರೇ ಪ್ರತಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆರ್ಡರ್ ಪತ್ರದಲ್ಲಿ ಅದಕ್ಕೆ ಇದ್ದದ್ದು ಒಂದೇ ಸಾಲು. ಹೊಸ ನಟ್ ಬೇಕಾದರೆ ಹೆಚ್ಚುವರಿ ಹಣ ಎಂದಿದ್ದರಿಂದ ಎಲ್ಲರೂ ಹಳೆಯವನ್ನೇ ಬಳಸಿದ್ದೇವೆ.

ದಾವಣಗೆರೆ_ಬಲೆನೋ:
ನಾನು ಆ ಐವರಲ್ಲಿ ಒಬ್ಬ. ಹಣದ ಮಾತು ಬಂದಿರುವುದರಿಂದ ಇದನ್ನೂ ಇಲ್ಲಿಯೇ ಕೇಳಿಬಿಡುತ್ತೇನೆ. ನಾವು ಕಾರಿಗೆ ₹36,000 ಮೂಲಬೆಲೆಯ ಮೇಲೆ 28 ಶೇಕಡಾ ಜಿಎಸ್‌ಟಿ ಸೇರಿಸಿ ₹46,080 ಲೆಕ್ಕದಲ್ಲಿ ಹಣ ಕೊಟ್ಟಿದ್ದೇವೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ದರ 18 ಶೇಕಡಾಕ್ಕೆ ಇಳಿದಿದೆ. ಬಿಲ್ ಆಗಿರುವುದು ಅಕ್ಟೋಬರ್‌ನಲ್ಲಿ. ತಲಾ ₹3,600 ಎಲ್ಲಿಗೆ ಹೋಯಿತು?

ನಾಗರಬಾವಿ_ಸಂಚಾಲಕ:
ಬಿಲ್‌ನಲ್ಲಿ 18 ಶೇಕಡಾವೇ ಇದೆ. ವ್ಯತ್ಯಾಸದ ಹಣವನ್ನು ತಯಾರಕರು ಪ್ಯಾಕಿಂಗ್ ಮತ್ತು ಸಾಗಣೆ ಎಂದು ತೋರಿಸಿದ್ದಾರೆ. ಆ ಬಿಲ್ ಅನ್ನು ಬಳಗದ ಗುಂಪಿನಲ್ಲಿ ಹಾಕಿದ್ದೆ, ತಾವು ನೋಡಿರಲಿಕ್ಕಿಲ್ಲ.

ಲೆಕ್ಕಪತ್ರ_ಧಾರವಾಡ:
ಮುಂಗಡ ಆಗಸ್ಟ್‌ನಲ್ಲಿ ಸಂದಾಯವಾಗಿದ್ದರೂ ಸರಕು ಮತ್ತು ಬಿಲ್ ಎರಡೂ ದರ ಬದಲಾದ ಬಳಿಕ ಬಂದಿವೆ. ಹೀಗಿದ್ದಾಗ ಬಿಲ್‌ನ ದಿನಾಂಕದ ದರವೇ ಅನ್ವಯಿಸುತ್ತದೆ, ಆದ್ದರಿಂದ 18 ಶೇಕಡಾ ಸರಿ. ಸಾಗಣೆ ವೆಚ್ಚ ಮೊದಲ ಕೊಟೇಶನ್‌ನಲ್ಲಿ ಸೇರಿತ್ತೇ ಎಂಬುದನ್ನು ಮಾತ್ರ ನೋಡಿ. ಸೇರಿತ್ತು ಎಂದಾದರೆ ಅದನ್ನು ಎರಡನೆಯ ಬಾರಿ ವಸೂಲು ಮಾಡಲು ಅವರಿಗೆ ಆಧಾರವಿಲ್ಲ.

ದಾವಣಗೆರೆ_ಬಲೆನೋ:
ಸೇರಿತ್ತು. ನನ್ನ ಬಳಿ ಕೊಟೇಶನ್ ಇದೆ.

ಮೈಸೂರು_ಲೇತ್:
ಲೆಕ್ಕವನ್ನು ತಾವಿಬ್ಬರೂ ಆಮೇಲೆ ಕೂತು ಬಗೆಹರಿಸಿಕೊಳ್ಳಬಹುದು. ಮೊದಲು ಗಾಡಿ ನೇರವಾಗಲಿ. ಮೇಲಿನ ವಿವರಗಳಲ್ಲಿಯೇ ಉತ್ತರವಿದೆ ಎಂದು ನನಗೆ ತೋರುತ್ತದೆ. ಬಲೆನೋ ಮತ್ತು ಐ20ಯ ಹಬ್ ವ್ಯಾಸ 54.1 ಮಿ.ಮೀ.; ಸಿಟಿ ಮತ್ತು ಜಾಝ್‌ನದು 56.1. ಬೋಲ್ಟ್ ವೃತ್ತ ಒಂದೇ ಆದ ಮಾತ್ರಕ್ಕೆ ಹಬ್ ಒಂದೇ ಆಗುವುದಿಲ್ಲ. ಹಲವು ಬಗೆಯ ಕಾರುಗಳಿಗೆ ಹೊಂದಲಿ ಎಂದು ತಯಾರಕರು ಬೋರನ್ನು 73.1ರಷ್ಟು ದೊಡ್ಡದಾಗಿ ಬಿಟ್ಟು, ನಡುವಿನ ಜಾಗವನ್ನು ರಿಂಗಿನಿಂದ ತುಂಬಿಸುತ್ತಾರೆ. ಆರ್ಡರ್ ಪತ್ರದಲ್ಲಿ ಒಂದೇ ಸಾಲು ಇದ್ದು, ಅದನ್ನು ತುಂಬಿದವರ ಕಾರು ಸಿಟಿಯಾಗಿದ್ದರೆ, ಒಂಬತ್ತು ಪೆಟ್ಟಿಗೆಗಳಲ್ಲಿಯೂ 56.1ರ ರಿಂಗ್‌ಗಳೇ ಬಂದಿರುತ್ತವೆ. ರಿಂಗಿನ ಒಳಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಎರಡೂ ಅಳತೆಗಳನ್ನು ಅಚ್ಚೊತ್ತಿರುತ್ತಾರೆ. ಯಾರಾದರೂ ಒಂದು ವೀಲ್ ಬಿಚ್ಚಿ ಓದಿ ಹೇಳಿ.

ಇನ್ನು ಬ್ಯಾಲೆನ್ಸಿಂಗ್ ಯಂತ್ರ ಏಕೆ ಸೊನ್ನೆ ತೋರಿಸುತ್ತದೆ ಎಂಬ ಪ್ರಶ್ನೆ. ಯಂತ್ರವು ವೀಲನ್ನು 73.1ರ ಬೋರಿನೊಳಗೆ ಕೋನ್ (ಶಂಕುವಿನಾಕಾರದ ತುಂಡು) ತೂರಿಸಿ ಹಿಡಿಯುತ್ತದೆ, ಆದ್ದರಿಂದ ಅಲ್ಲಿ ವೀಲ್ ನಿಜವಾದ ಕೇಂದ್ರದ ಮೇಲೆಯೇ ತಿರುಗುತ್ತದೆ. ಕಾರಿನ ಮೇಲೆ 54.1ರ ಹಬ್ಬಿಗೂ 56.1ರ ರಿಂಗಿಗೂ ನಡುವೆ ವ್ಯಾಸದಲ್ಲಿ 2 ಮಿ.ಮೀ. ಸಡಿಲವಿದೆ, ಎಂದರೆ ವೀಲ್ ಕೇಂದ್ರದಿಂದ 1 ಮಿ.ಮೀ. ವರೆಗೆ ಸರಿದು ಕೂರಬಹುದು. ಅರ್ಧ ಮಿ.ಮೀ. ಸರಿದರೂ ಸಾಕು: ಟಯರ್ ಸೇರಿ 16 ಕೆ.ಜಿ. ತೂಗುವ ವೀಲಿಗೆ ಅದು ರಿಮ್ಮಿನ ಅಂಚಿನಲ್ಲಿ ಸುಮಾರು 40 ಗ್ರಾಂ ತೂಕವನ್ನು ಒಂದೇ ಕಡೆ ಅಂಟಿಸಿದ್ದಕ್ಕೆ ಸಮ. 195/55 ಆರ್16 ಟಯರ್ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 14 ಸುತ್ತು ತಿರುಗುತ್ತದೆ, ಆ ಅದುರುವಿಕೆಯೇ ಸ್ಟಿಯರಿಂಗಿಗೆ ಬರುತ್ತದೆ. ಎಷ್ಟು ಅಂಗಡಿ ಸುತ್ತಿದರೂ ಈ ದೋಷ ಯಂತ್ರದ ಕಣ್ಣಿಗೆ ಬೀಳುವುದಿಲ್ಲ.

ಹುಬ್ಬಳ್ಳಿ_ಪೋಲೋ:
ತಮ್ಮ ಲೆಕ್ಕ ಚೆನ್ನಾಗಿದೆ, ಆದರೆ ಹಬ್ ರಿಂಗ್ ಎಂಬುದೇ ಅಂಗಡಿಯವರ ವ್ಯಾಪಾರ ಎಂಬುದು ನನ್ನ ಅಭಿಪ್ರಾಯ. ವೀಲನ್ನು ಕೇಂದ್ರಕ್ಕೆ ತರುವುದು 60 ಡಿಗ್ರಿ ಕೋನ್ ತುದಿಯ, ಎಂದರೆ ಶಂಕುವಿನಾಕಾರದ ತುದಿಯ, ನಟ್. ಕಾರಿನ ಭಾರವನ್ನು ಹೊರುವುದು ನಟ್ ಬಿಗಿದಾಗ ವೀಲಿಗೂ ಹಬ್ಬಿಗೂ ನಡುವೆ ಹುಟ್ಟುವ ಘರ್ಷಣೆ. ಪ್ಲಾಸ್ಟಿಕ್ ರಿಂಗ್ ಏನನ್ನೂ ಹೊರುವುದಿಲ್ಲ. ನನ್ನ ಪೋಲೋ 5×100, ಹಬ್ 57.1; ರಿಂಗ್ ಇಲ್ಲದೆಯೇ ಓಡಿಸುತ್ತಿದ್ದೇನೆ, ಒಂದು ಚೂರೂ ಅದುರಿಲ್ಲ.

ಮೈಸೂರು_ಲೇತ್:
ರಿಂಗ್ ಭಾರ ಹೊರುತ್ತದೆ ಎಂದು ನಾನು ಹೇಳಿಲ್ಲ. ಅದರ ಕೆಲಸ ನಟ್ ಬಿಗಿಯುವವರೆಗೆ ವೀಲನ್ನು ಕೇಂದ್ರದಲ್ಲಿ ಹಿಡಿದಿಡುವುದಷ್ಟೇ. ಜ್ಯಾಕ್ ಎತ್ತಿ, ವೀಲ್ ಗಾಳಿಯಲ್ಲಿರುವಾಗ ಕೈಯಿಂದ ಎದುರುಬದುರಾಗಿ ನಟ್ ತಿರುಗಿಸುತ್ತ ಬಂದರೆ ಕೋನ್ ತಾನಾಗಿ ಕೇಂದ್ರಕ್ಕೆ ಎಳೆಯುತ್ತದೆ ಎಂಬುದನ್ನು ಒಪ್ಪುತ್ತೇನೆ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬೇರೆ: ಮೊದಲ ನಟ್‌ಗೇ ಏರ್ ಗನ್ ಹಿಡಿದು ಪೂರ್ತಿ ಬಿಗಿದುಬಿಡುತ್ತಾರೆ, ವೀಲ್ ಆ ಕ್ಷಣದಲ್ಲಿ ಎಲ್ಲಿ ಜೋತುಬಿದ್ದಿತ್ತೋ ಅಲ್ಲಿಯೇ ಅಂಟಿಕೊಳ್ಳುತ್ತದೆ. ಅಂದ ಹಾಗೆ ತಮ್ಮ ಪೋಲೋದಲ್ಲಿ ಇರುವುದು ನಟ್ ಅಲ್ಲ, ಬೋಲ್ಟ್. ಕಂಪನಿಯ ಬೋಲ್ಟಿನ ತಲೆ ಕೋನೂ ಅಲ್ಲ, ಗುಂಡು. ಅದನ್ನೇ ಹೊಸ ವೀಲಿಗೂ ಬಳಸುತ್ತಿದ್ದೀರಾದರೆ ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು.

ತುಮಕೂರು_ಟಯರ್:
ಇಷ್ಟೆಲ್ಲ ಬಿಚ್ಚುವುದಕ್ಕಿಂತ ಒಳ್ಳೆಯ ಯಂತ್ರದಲ್ಲಿ ಒಮ್ಮೆ ಬ್ಯಾಲೆನ್ಸಿಂಗ್ ಮಾಡಿಸುವುದು ಅಗ್ಗ ಎಂದೇ ನಾನು ಈಗಲೂ ಹೇಳುತ್ತೇನೆ.

ಮಂಗಳೂರು_ಐ20:
ನಾನೂ ಆ ಐವರಲ್ಲಿ ಒಬ್ಬಳು. ಮುಂದಿನ ಎಡ ವೀಲ್ ಬಿಚ್ಚಿ ನೋಡಿದೆ. ರಿಂಗಿನ ಮೇಲೆ 73.1–56.1 ಎಂದಿದೆ. ಹಬ್ಬಿನ ಮೇಲೆ ರಿಂಗ್ ಇಟ್ಟು ಬೆರಳಿನಿಂದ ತಳ್ಳಿದರೆ ಅದು ಲೊಟಗುಡುತ್ತದೆ. ಒಂದು ಪಕ್ಕಕ್ಕೆ ಒತ್ತಿ ಹಿಡಿದರೆ ಎದುರು ಪಕ್ಕದ ಸಂದಿನಲ್ಲಿ ಎಟಿಎಂ ಕಾರ್ಡ್ ಸಲೀಸಾಗಿ ಇಳಿಯುತ್ತದೆ. ನಾಲ್ಕೂ ವೀಲ್‌ಗಳನ್ನು ಒಂದೊಂದಾಗಿ ಎತ್ತಿ, ಲೇತ್ ಅವರು ಹೇಳಿದಂತೆ ಕೈಯಿಂದ ಎದುರುಬದುರಾಗಿ ಬಿಗಿದು, ಕೊನೆಗೆ ಬಿಗಿತವನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚ್ ಬಳಸಿದೆ. ಸುರತ್ಕಲ್ ಕಡೆಗೆ ಹೋಗಿ ಬಂದೆ. 80ರಲ್ಲಿ ಅದುರುವುದು ನಿಂತಿದೆ. 100ರ ಸಮೀಪ ಇನ್ನೂ ತುಸು ಉಳಿದಿದೆ.

ಮೈಸೂರು_ಲೇತ್:
ಹಾಗಾದರೆ ವೀಲ್‌ಗಳಲ್ಲಿ ದೋಷವಿಲ್ಲ, ಹಿಂದಕ್ಕೆ ಕಳುಹಿಸಬೇಡಿ. 73.1–54.1 ಅಳತೆಯ 20 ರಿಂಗ್‌ಗಳನ್ನು ತರಿಸಿದರೆ ಸಾಕು. ಕರಾವಳಿಯಲ್ಲಿ ಓಡುವ ಗಾಡಿಗೆ ಅಲ್ಯೂಮಿನಿಯಂ ರಿಂಗ್‌ಗಿಂತ ಪ್ಲಾಸ್ಟಿಕ್ಕಿನದೇ ಲೇಸು. ಉಪ್ಪುಗಾಳಿಗೆ ಅಲ್ಯೂಮಿನಿಯಂ ರಿಂಗ್ ಹಬ್ಬಿಗೆ ಕಚ್ಚಿಕೊಂಡರೆ ಪಂಕ್ಚರ್ ಆದ ದಿನ ವೀಲ್ ಹೊರಗೆ ಬರುವುದಿಲ್ಲ.

ಆದರೆ ಸಂಚಾಲಕರೇ, ನನಗೆ ಹೆಚ್ಚು ಚಿಂತೆಯಾಗಿರುವುದು ತಾವು ಸರಿಯಿವೆ ಎಂದ ನಾಲ್ಕು ಕಾರುಗಳ ಬಗ್ಗೆ. ಬಲೆನೋ ಮತ್ತು ಐ20ಯ ಹಳೆಯ ನಟ್‌ಗಳ ತುದಿ ಕೋನ್ ಆಗಿರುತ್ತದೆ, ಹೊಸ ವೀಲಿನ ರಂಧ್ರವೂ ಕೋನ್, ಆದ್ದರಿಂದ ಅವು ಹೊಂದುತ್ತವೆ. ಹೋಂಡಾದ ಕಂಪನಿ ನಟ್‌ಗಳ ತುದಿ ಗುಂಡಾಗಿರುತ್ತದೆ. ಗುಂಡು ತುದಿ ಕೋನ್ ರಂಧ್ರದಲ್ಲಿ ಕೂತರೆ ಪೂರ್ತಿ ಮೈ ತಾಗುವುದಿಲ್ಲ, ಕೂದಲೆಳೆಯಷ್ಟು ಅಗಲದ ಒಂದು ವೃತ್ತ ಮಾತ್ರ ತಾಗುತ್ತದೆ. ರಿಂಗ್ ಸರಿಯಿರುವುದರಿಂದ ಸ್ಟಿಯರಿಂಗ್ ಅದುರುವುದಿಲ್ಲ, ತಮಗೆ ಯಾವ ಸುಳಿವೂ ಸಿಗುವುದಿಲ್ಲ. ಅಲ್ಯೂಮಿನಿಯಂ ಮಾತ್ರ ಆ ಗೆರೆಯಲ್ಲಿ ಸವೆದು ನಟ್ ಸಡಿಲಗೊಳ್ಳುತ್ತ ಹೋಗುತ್ತದೆ. ಒಂದು ನಟ್ ಬಿಚ್ಚಿ ರಂಧ್ರದೊಳಗೆ ಟಾರ್ಚ್ ಬಿಟ್ಟು ನೋಡಿ. ಅಗಲವಾದ ಪಟ್ಟಿಯ ಬದಲು ಹೊಳೆಯುವ ಸಣ್ಣ ಗೆರೆ ಕಂಡರೆ ಆ ಕಾರನ್ನು ಹೊಸ ನಟ್ ಬರುವವರೆಗೆ ಹೆದ್ದಾರಿಗೆ ಇಳಿಸಬೇಡಿ.

ನಾಗರಬಾವಿ_ಸಂಚಾಲಕ:
ನೋಡಿದೆ. ಗೆರೆಯೇ ಇದೆ, ಬಣ್ಣವೂ ಅಲ್ಲಿ ಎದ್ದುಹೋಗಿದೆ. ಎರಡು ನಟ್‌ಗಳು ಮೊದಲು ಬಿಗಿದಷ್ಟು ಬಿಗಿಯಾಗಿರಲಿಲ್ಲ. ಉಳಿದ ಮೂವರಿಗೂ ಗಾಡಿ ತೆಗೆಯಬೇಡಿ ಎಂದು ಹೇಳಿ, ಹಳೆಯ ವೀಲ್‌ಗಳನ್ನು ಮರಳಿ ಹಾಕಿಸುತ್ತಿದ್ದೇನೆ. ಒಟ್ಟಿಗೆ ತರಿಸಿದರೆ ಕಡಿಮೆ ಬೆಲೆಗೆ ಸಿಗುವುದರಿಂದ ಒಂಬತ್ತು ಕಾರಿಗೂ ಸೇರಿಸಿ 144 ಕೋನ್ ನಟ್ ಆರ್ಡರ್ ಮಾಡಲೇ?

ಮೈಸೂರು_ಲೇತ್:
ದಯವಿಟ್ಟು ಬೇಡ. ಹೋಂಡಾ ಮತ್ತು ಹ್ಯುಂಡೈ ಸ್ಟಡ್‌ಗಳು, ಎಂದರೆ ಹಬ್ಬಿನಿಂದ ಹೊರಚಾಚಿ ನಟ್ ಹಿಡಿಯುವ ಕಡ್ಡಿಗಳು, 12×1.5 ಮರೆಯವು (12 ಮಿ.ಮೀ. ದಪ್ಪ, ಸುರುಳಿ ಗೆರೆಗಳ ನಡುವೆ 1.5 ಮಿ.ಮೀ.), ಮಾರುತಿಯವು 12×1.25. 1.5ರ ನಟ್ ಬಲೆನೋದ ಸ್ಟಡ್ ಮೇಲೆ ಒಂದೆರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ. ಅಲ್ಲಿಗೆ ಏರ್ ಗನ್ ಬಂದರೆ ಸ್ಟಡ್ ಹೋದಂತೆಯೇ. ತಮಗೆ ಬೇಕಿರುವುದು ನಾಲ್ಕು ಹೋಂಡಾಗಳಿಗೆ 12×1.5ರ 64 ಕೋನ್ ನಟ್ ಮಾತ್ರ. ಸಿಟಿಗೆ ಬಿಗಿತ 108 ನ್ಯೂಟನ್ ಮೀಟರ್. ಉಳಿದವರು ತಮ್ಮ ಕಾರಿನ ಕೈಪಿಡಿಯಲ್ಲಿರುವ ಅಂಕಿಯನ್ನು ನೋಡಲಿ. ನೂರು ಕಿ.ಮೀ. ಓಡಿಸಿದ ಮೇಲೆ ಎಲ್ಲರೂ ಇನ್ನೊಮ್ಮೆ ರೆಂಚ್ ಹಿಡಿಯಬೇಕು. ಮುಂದಿನ ಗುಂಪು ಖರೀದಿಯ ಪತ್ರದಲ್ಲಿ ಪ್ರತಿ ಕಾರಿಗೂ ಪ್ರತ್ಯೇಕ ಸಾಲು ಇರಲಿ: ಹಬ್ ವ್ಯಾಸ, ಮರೆಯ ಅಳತೆ, ನಟ್ ತುದಿಯ ಆಕಾರ.

ದಾವಣಗೆರೆ_ಬಲೆನೋ:
ಆ 20 ರಿಂಗ್‌ಗಳ ಹಣವನ್ನು ನಮ್ಮ ₹3,600ರಲ್ಲಿಯೇ ಮುರಿದುಕೊಳ್ಳಬಹುದಲ್ಲವೇ?

ನಾಗರಬಾವಿ_ಸಂಚಾಲಕ:
ತಯಾರಕರಿಗೆ ಕೊಟೇಶನ್‌ನ ಪ್ರತಿಯೊಡನೆ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ರಿಂಗ್ ಮತ್ತು ನಟ್‌ಗೆ ಸದ್ಯ ನಾನೇ ಹಣ ಹಾಕಿದ್ದೇನೆ.

ಜಾಝ್_ಕಾರ್ಕಳ:
ನನ್ನ ಸ್ಟೆಪ್ನಿ ಕಂಪನಿಯ ಉಕ್ಕಿನ ರಿಮ್. ಹೊಸ ಕೋನ್ ನಟ್ ಅದಕ್ಕೂ ಆಗುತ್ತದೆಯೇ?

ಮೈಸೂರು_ಲೇತ್:
ಆಗುವುದಿಲ್ಲ. ಹೋಂಡಾದ ಉಕ್ಕಿನ ರಿಮ್ಮಿಗೂ ಗುಂಡು ತುದಿಯ ನಟ್ಟೇ ಬೇಕು. ಹಳೆಯ ನಟ್‌ಗಳಲ್ಲಿ ನಾಲ್ಕನ್ನು ಒಂದು ಚೀಲಕ್ಕೆ ಹಾಕಿ, ಸ್ಟೆಪ್ನಿಗೆ ಮಾತ್ರ ಎಂದು ಬರೆದು, ಜ್ಯಾಕ್ ಜೊತೆಯಲ್ಲಿಯೇ ಇಡಿ.